ಟಿಕಾಸ್: ವಿಮಾನ ಡಿಕ್ಕಿ ನಿವಾರಣಾ ವ್ಯವಸ್ಥೆ

ಹಾರುತ್ತಿರುವ ಎರಡು ವಿಮಾನಗಳು ಅಪಾಯವಾಗುವಷ್ಟು ಹತ್ತಿರ ಬರುತ್ತಿದ್ದಾಗ ಪೈಲಟ್‌ಗಳನ್ನು ಎಚ್ಚರಿಸಿ, ಒಂದಕ್ಕೆ ಮೇಲೇರಲು ಇನ್ನೊಂದಕ್ಕೆ ಕೆಳಗಿಳಿಯಲು ಹೇಳುವ ಸಾಧನ ಟಿಕಾಸ್. ಇದು ಟ್ರಾಫಿಕ್ ಅಲರ್ಟ್ ಅಂಡ್ ಕೊಲಿಶನ್ ಅವಾಯ್ಡೆನ್ಸ್ ಸಿಸ್ಟಮ್ ಎಂಬ ಅಮೆರಿಕದ ಹೆಸರಿನ ಹ್ರಸ್ವರೂಪ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಇಕಾವೊದ ನಿಯಮಗಳಲ್ಲಿ ಇದೇ ಬಗೆಯ ಸಾಧನಕ್ಕೆ ಎಕಾಸ್ ಎಂಬ ಹೆಸರಿದೆ. ಆದರೆ ಕಾಕ್‌ಪಿಟ್‌ನಲ್ಲಿ ಕೂರುವವರ ಬಾಯಲ್ಲಿ ಅದು ಎಲ್ಲೆಡೆ ಟಿಕಾಸ್ ಎಂದೇ ಉಳಿದಿದೆ. ನೆಲದ ಮೇಲಿನ ರಾಡಾರನ್ನಾಗಲಿ ಏರ್ ಟ್ರಾಫಿಕ್ ಕಂಟ್ರೋಲರನ್ನಾಗಲಿ ನೆಚ್ಚದೆ, ವಿಮಾನದಿಂದ ವಿಮಾನಕ್ಕೆ ನೇರವಾಗಿ ಮಾತನಾಡಿಕೊಂಡು ಕೆಲಸ ಮಾಡುವುದು ಇದರ ಮುಖ್ಯ ಗುಣ. ವಿಮಾನಗಳನ್ನು ಬೇರೆ ಬೇರೆ ಎತ್ತರದಲ್ಲಿ, ಬೇರೆ ಬೇರೆ ದಾರಿಯಲ್ಲಿ ಇಡುವುದು ಕಂಟ್ರೋಲರ್‌ನ ಕೆಲಸ. ಆ ಕೆಲಸ ಎಲ್ಲೋ ತಪ್ಪಿದಾಗ ಮಾತ್ರ ಟಿಕಾಸ್ ಬಾಯಿ ಬಿಡುತ್ತದೆ. ಹಾಗೆ ಬಾಯಿ ಬಿಟ್ಟಾಗ ಅದರ ಮಾತು ಕಂಟ್ರೋಲರ್‌ನ ಮಾತಿಗಿಂತ ಮೇಲು. ಈ ಒಂದು ನಿಯಮ ಗಟ್ಟಿಯಾಗಲು ಜಗತ್ತು ತೆತ್ತ ಬೆಲೆ ದೊಡ್ಡದು.

ಕಣ್ಣನ್ನು ನಂಬಿದ ಕಾಲ

ವಿಮಾನಯಾನದ ಮೊದಲ ಅರ್ಧ ಶತಮಾನದಲ್ಲಿ ಡಿಕ್ಕಿ ತಪ್ಪಿಸುವ ಹೊಣೆ ಬಹುಮಟ್ಟಿಗೆ ಪೈಲಟ್‌ನ ಕಣ್ಣಿನದಾಗಿತ್ತು. ನೋಡು, ತಪ್ಪಿಸಿಕೋ ಎನ್ನುವುದೇ ನಿಯಮ. ವಿಮಾನಗಳು ನಿಧಾನವಾಗಿ, ವಿರಳವಾಗಿ ಹಾರುತ್ತಿದ್ದ ದಿನಗಳಿಗೆ ಅಷ್ಟು ಸಾಕಿತ್ತು. 1956ರ ಜೂನ್ 30ರಂದು ಲಾಸ್ ಏಂಜಲೀಸ್‌ನಿಂದ ಮೂರು ನಿಮಿಷದ ಅಂತರದಲ್ಲಿ ಹೊರಟ ಎರಡು ವಿಮಾನಗಳು, ಟಿಡಬ್ಲ್ಯೂಎ ಸಂಸ್ಥೆಯ ಸೂಪರ್ ಕಾನ್‌ಸ್ಟಲೇಶನ್ ಮತ್ತು ಯುನೈಟೆಡ್ ಸಂಸ್ಥೆಯ ಡಿಸಿ-7, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಸುಮಾರು 21,000 ಅಡಿ ಎತ್ತರದಲ್ಲಿ ಒಂದಕ್ಕೊಂದು ಬಡಿದವು. ಎರಡರಲ್ಲೂ ಇದ್ದ 128 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಆಗ ಅಲ್ಲಿನ ಆಕಾಶವನ್ನು ನೆಲದಿಂದ ಯಾರೂ ಗಮನಿಸುತ್ತಿರಲಿಲ್ಲ. ಈ ದುರಂತ ಎಬ್ಬಿಸಿದ ಕೂಗಿನಿಂದಲೇ 1958ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ಹುಟ್ಟಿತು, ರಾಡಾರ್ ಜಾಲ ಹರಡಿತು.

ಕಣ್ಣು ಸೋಲುವುದಕ್ಕೆ ಕಾರಣಗಳಿವೆ. ಎರಡು ವಿಮಾನಗಳು ನೇರ ದಾರಿಯಲ್ಲಿ, ಒಂದೇ ಸಮನಾದ ವೇಗದಲ್ಲಿ ಡಿಕ್ಕಿಯತ್ತ ಸಾಗುತ್ತಿದ್ದರೆ ಎದುರಿನ ವಿಮಾನ ಗಾಜಿನ ಮೇಲೆ ಕದಲುವುದೇ ಇಲ್ಲ. ಕೀಟ ಅಂಟಿಕೊಂಡ ಕಲೆಯಷ್ಟು ದೊಡ್ಡ ಚುಕ್ಕೆಯೊಂದು ಒಂದೇ ಜಾಗದಲ್ಲಿ ನಿಂತಿರುತ್ತದೆ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಮಾತ್ರ ಅದು ಒಮ್ಮೆಲೇ ಹಿಗ್ಗುತ್ತದೆ. ಅಲುಗುವುದನ್ನು ತಟ್ಟನೆ ಹಿಡಿಯುವ ನಮ್ಮ ಕಣ್ಣಿಗೆ ನಿಂತದ್ದು ಬೀಳುವುದು ಕಷ್ಟ. ವಿಮಾನವನ್ನು ಕಂಡು, ಗುರುತಿಸಿ, ಅಪಾಯವೆಂದು ತಿಳಿದು, ನಿರ್ಧರಿಸಿ, ಕೈಯಾಡಿಸಿ, ತನ್ನ ವಿಮಾನ ತಿರುಗುವ ಹೊತ್ತಿಗೆ ಪೈಲಟ್‌ಗೆ ಸುಮಾರು 12.5 ಸೆಕೆಂಡು ಬೇಕು ಎಂಬುದು ಎಫ್‌ಎಎ ಬಹಳ ಕಾಲದಿಂದ ಕೊಡುತ್ತ ಬಂದಿರುವ ಲೆಕ್ಕ. ಜೆಟ್ ವೇಗದಲ್ಲಿ ಎದುರುಬದುರಾದಾಗ ಅಷ್ಟು ಹೊತ್ತಿನಲ್ಲಿ ಮೂರು ನಾಟಿಕಲ್ ಮೈಲಿಗಿಂತ ಹೆಚ್ಚು ಅಂತರ ಕರಗಿಹೋಗಿರುತ್ತದೆ.

ಕಂಡರೂ ಕಣ್ಣು ಮೋಸಮಾಡಬಹುದು. 1965ರ ಡಿಸೆಂಬರ್ 4ರಂದು ನ್ಯೂಯಾರ್ಕ್ ರಾಜ್ಯದ ಕಾರ್ಮೆಲ್ ಬಳಿ ಎರಡು ವಿಮಾನಗಳು ಸಾವಿರ ಅಡಿ ಮೇಲು ಕೆಳಗೆ, ನಿಯಮದ ಪ್ರಕಾರವೇ ಹಾರುತ್ತಿದ್ದವು. ಇಳಿಜಾರಾಗಿ ಹಬ್ಬಿದ್ದ ಮೋಡದ ಅಂಚು ಎರಡೂ ಒಂದೇ ಎತ್ತರದಲ್ಲಿವೆ ಎಂಬ ಭ್ರಮೆ ಹುಟ್ಟಿಸಿತು. ಕೆಳಗಿದ್ದ ವಿಮಾನದವರು ತಪ್ಪಿಸಿಕೊಳ್ಳಲೆಂದು ಮೇಲಕ್ಕೆ ಎಳೆದು, ಇಲ್ಲದ ಅಪಾಯವನ್ನು ತಾವೇ ತಂದುಕೊಂಡರು. 1978ರ ಸೆಪ್ಟೆಂಬರ್ 25ರ ಸ್ಯಾನ್ ಡಿಯಾಗೊ ಅಪಘಾತ ಇನ್ನೂ ಕ್ರೂರವಾದದ್ದು. ಪಿಎಸ್ಎ ಸಂಸ್ಥೆಯ ಬೋಯಿಂಗ್ 727ರವರಿಗೆ ಮುಂದೆ ಸಣ್ಣ ಸೆಸ್ನಾ ವಿಮಾನವಿದೆ ಎಂದು ಕಂಟ್ರೋಲರ್ ಹೇಳಿದ್ದರು. ಅವರು ಕಂಡಿತು ಎಂದೂ ಉತ್ತರಿಸಿದ್ದರು. ಆಮೇಲೆ ಅದು ಕಣ್ತಪ್ಪಿತು. ನೆಲದ ಮೇಲಿದ್ದ ಏಳು ಮಂದಿಯೂ ಸೇರಿ 144 ಜನ ಸತ್ತರು.

ಇಷ್ಟರಲ್ಲಿ ಬೇರೆ ದಾರಿಯ ಹುಡುಕಾಟ ನಡೆದೇ ಇತ್ತು. 1981ರಲ್ಲಿ ಎಫ್‌ಎಎ ಟಿಕಾಸ್ ಯೋಜನೆಯನ್ನು ಕೈಗೆತ್ತಿಕೊಂಡಿತು. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಸಮೀಪದ ಸೆರಿಟೋಸ್ ಬಡಾವಣೆಯ ಮೇಲೆ ಏರೊಮೆಕ್ಸಿಕೊದ ಡಿಸಿ-9ಕ್ಕೆ ದಾರಿ ತಪ್ಪಿ ಬಂದ ಸಣ್ಣ ಪೈಪರ್ ವಿಮಾನ ಬಡಿದು 82 ಜನ ಸತ್ತ ಮೇಲೆ ಅಮೆರಿಕದ ಸಂಸತ್ತು ಕಾಯಲಿಲ್ಲ. ಮರುವರ್ಷವೇ ಕಾನೂನು ಬಂತು. 30ಕ್ಕಿಂತ ಹೆಚ್ಚು ಸೀಟುಗಳ ಪ್ರಯಾಣಿಕ ವಿಮಾನಗಳಿಗೆಲ್ಲ ಟಿಕಾಸ್ ಅಳವಡಿಸುವ ಕೊನೆಯ ಗಡುವು 1993ರ ಅಂತ್ಯಕ್ಕೆ ನಿಂತಿತು.

ಕೇಳಿ ತಿಳಿಯುವ ಯಂತ್ರ

ಟಿಕಾಸ್ ರಾಡಾರ್ ಅಲ್ಲ. ರಾಡಾರ್ ಅಲೆ ಕಳಿಸಿ ಅದು ವಸ್ತುವಿಗೆ ತಗುಲಿ ಮರಳುವುದನ್ನು ಕಾಯುತ್ತದೆ. ಟಿಕಾಸ್ ಪ್ರಶ್ನೆ ಕೇಳಿ ಉತ್ತರ ಪಡೆಯುತ್ತದೆ. ಉತ್ತರ ಕೊಡುವುದು ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್. ಇದು ನೆಲದ ರಾಡಾರ್‌ಗೆ ವಿಮಾನದ ಗುರುತು ಮತ್ತು ಎತ್ತರ ತಿಳಿಸಲೆಂದು ಮೊದಲಿನಿಂದಲೂ ಇರುವ ಪೆಟ್ಟಿಗೆ. ಪ್ರಶ್ನೆ 1030 ಮೆಗಾಹರ್ಟ್ಸ್‌ನಲ್ಲಿ ಹೋಗುತ್ತದೆ, ಉತ್ತರ 1090 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ನೆಲದ ಕೇಂದ್ರಗಳು ಬಳಸುವುದೂ ಇವೇ ತರಂಗಗಳನ್ನು. ಹೊಸದಾಗಿ ಏನನ್ನೂ ಎಲ್ಲರ ಮೇಲೆ ಹೇರದೆ ಇದ್ದುದನ್ನೇ ಬಳಸಿಕೊಂಡದ್ದು ಈ ವಿನ್ಯಾಸದ ಜಾಣತನ. ಸೆಸ್ನಾದಂಥ ಸಣ್ಣ ವಿಮಾನ ಟಿಕಾಸ್ ಕೊಳ್ಳಬೇಕಾಗಿಲ್ಲ, ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಇದ್ದರೆ ಸಾಕು, ದೊಡ್ಡ ವಿಮಾನ ಅದನ್ನು ನೋಡಬಲ್ಲದು.

ಪ್ರಶ್ನೆ ಕಳಿಸಿದ ಕ್ಷಣಕ್ಕೂ ಉತ್ತರ ಬಂದ ಕ್ಷಣಕ್ಕೂ ನಡುವಿನ ಸಮಯದಿಂದ ದೂರ ತಿಳಿಯುತ್ತದೆ. ಎತ್ತರವನ್ನು ಎದುರಿನ ವಿಮಾನವೇ ತನ್ನ ಉತ್ತರದಲ್ಲಿ ಹೇಳುತ್ತದೆ: ಹಳೆಯ ಮಾದರಿಯಾದರೆ 100 ಅಡಿಯ ಲೆಕ್ಕದಲ್ಲಿ, ಹೊಸದಾದರೆ 25 ಅಡಿಯ ಲೆಕ್ಕದಲ್ಲಿ. ಯಾವ ದಿಕ್ಕಿನಲ್ಲಿದೆ ಎಂಬುದನ್ನು ವಿಮಾನದ ಬೆನ್ನ ಮೇಲಿನ ಆಂಟೆನಾ ಅಂದಾಜಿಸುತ್ತದೆ. ಈ ಮೂರರಲ್ಲಿ ಮೊದಲಿನ ಎರಡು ನಿಖರ, ಮೂರನೆಯದು ಅಲ್ಲ. ದಿಕ್ಕಿನ ಅಂದಾಜು ಹಲವು ಡಿಗ್ರಿ ಆಚೀಚೆಯಾಗಬಹುದು. ಟಿಕಾಸ್ ಎಂದೂ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎನ್ನದೆ ಮೇಲೇರು, ಕೆಳಗಿಳಿ ಎಂದಷ್ಟೇ ಹೇಳುವುದಕ್ಕೆ ಮುಖ್ಯ ಕಾರಣ ಇದೇ. ಪಕ್ಕಕ್ಕೆ ತಿರುಗಿಸುವ ಮುಂದಿನ ಮಾದರಿಗಳ ಪ್ರಯತ್ನ ನಡೆದು, ಕಡೆಗೆ ಕೈಬಿಡಲಾಯಿತು.

ಹಳೆಯ ಟ್ರಾನ್ಸ್‌ಪಾಂಡರ್‌ಗಳದ್ದು ಒಂದು ತೊಡಕು. ಪ್ರಶ್ನೆ ಕಿವಿಗೆ ಬಿದ್ದ ಎಲ್ಲವೂ ಒಟ್ಟಿಗೆ ಉತ್ತರಿಸುತ್ತವೆ, ಗದ್ದಲವಾಗುತ್ತದೆ. ಅದಕ್ಕೆ ಟಿಕಾಸ್ ಮೊದಲು ಕ್ಷೀಣವಾದ ಶಕ್ತಿಯಲ್ಲಿ ಕೇಳುತ್ತದೆ, ಹತ್ತಿರದವು ಉತ್ತರಿಸುತ್ತವೆ. ಆಮೇಲೆ ಅವುಗಳ ಬಾಯಿ ಕಟ್ಟಿಸಿ ಹಂತಹಂತವಾಗಿ ಶಕ್ತಿ ಹೆಚ್ಚಿಸುತ್ತ ದೂರದವುಗಳನ್ನು ಕೇಳುತ್ತದೆ. ಮೋಡ್ ಎಸ್ ಎಂಬ ಹೊಸ ಬಗೆಯ ಟ್ರಾನ್ಸ್‌ಪಾಂಡರ್‌ನಲ್ಲಿ ಈ ಕಷ್ಟವಿಲ್ಲ. ಜಗತ್ತಿನ ಪ್ರತಿ ವಿಮಾನಕ್ಕೂ 24 ಬಿಟ್‌ಗಳ ತನ್ನದೇ ಸಂಖ್ಯೆಯಿದೆ; ತರಗತಿಯಲ್ಲಿ ಮೇಷ್ಟ್ರು ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವಂತೆ ಒಂದೊಂದನ್ನೇ ಕರೆದು ಮಾತಾಡಿಸಬಹುದು. ತಾನಿದ್ದೇನೆ ಎಂದು ಮೋಡ್ ಎಸ್ ವಿಮಾನ ಸೆಕೆಂಡಿಗೊಮ್ಮೆ ತಾನಾಗಿಯೇ ಸಾರುತ್ತಲೂ ಇರುತ್ತದೆ.

ಮೈಲಿಯಲ್ಲ, ಸೆಕೆಂಡು

ಎದುರಿನ ವಿಮಾನ ಎಷ್ಟು ಹತ್ತಿರ ಬಂದರೆ ಅಪಾಯ? ಐದು ಮೈಲಿ ದೂರದಲ್ಲಿ ನಮ್ಮ ಹಿಂದೆಯೇ ಅದೇ ವೇಗದಲ್ಲಿ ಬರುತ್ತಿರುವ ವಿಮಾನದಿಂದ ಭಯವಿಲ್ಲ. ಅದೇ ಐದು ಮೈಲಿ ದೂರದಿಂದ ಎದುರಾಗಿ ಬರುತ್ತಿರುವ ಜೆಟ್ ಇಪ್ಪತ್ತು ಸೆಕೆಂಡಿನಲ್ಲಿ ಮೈಮೇಲಿರುತ್ತದೆ. ಈ ಕಾರಣಕ್ಕೆ ದೂರವನ್ನು ಅಳತೆಗೋಲು ಮಾಡಿಕೊಂಡ ಸಾಧನ ಒಂದೋ ಸುಮ್ಮಸುಮ್ಮನೆ ಕೂಗುತ್ತದೆ, ಇಲ್ಲವೇ ತಡವಾಗಿ ಕೂಗುತ್ತದೆ. 1955ರಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ದುರಂತಕ್ಕೂ ಮೊದಲು, ಬೆಂಡಿಕ್ಸ್ ಸಂಸ್ಥೆಯ ಡಾ. ಜೆ. ಎಸ್. ಮಾರೆಲ್ ಇದಕ್ಕೆ ಸರಳ ಪರಿಹಾರ ಸೂಚಿಸಿದರು. ನಡುವಿನ ದೂರವನ್ನು ಅದು ಕಡಿಮೆಯಾಗುತ್ತಿರುವ ವೇಗದಿಂದ ಭಾಗಿಸಿದರೆ, ತೀರಾ ಸಮೀಪಕ್ಕೆ ಬರಲು ಇನ್ನು ಎಷ್ಟು ಸೆಕೆಂಡು ಉಳಿದಿದೆ ಎಂಬುದು ಸಿಗುತ್ತದೆ. ಈ ಸೆಕೆಂಡುಗಳಿಗೆ ಟೌ ಎಂಬ ಗ್ರೀಕ್ ಅಕ್ಷರದ ಹೆಸರು. ಇಂದಿಗೂ ಆಕಾಶದಲ್ಲಿರುವ ಟಿಕಾಸ್‌ಗಳ ತಿರುಳು ಈ ಒಂದು ಭಾಗಾಕಾರ.

ಒಂದು ಉದಾಹರಣೆ ನೋಡಬಹುದು. 480 ನಾಟ್ ವೇಗದ ಎರಡು ಜೆಟ್‌ಗಳು ಎದುರುಬದುರಾದರೆ ನಡುವಿನ ಅಂತರ ನಿಮಿಷಕ್ಕೆ 16 ನಾಟಿಕಲ್ ಮೈಲಿ ಇಳಿಯುತ್ತದೆ. ಇಪ್ಪತ್ತು ಸಾವಿರ ಅಡಿಗಿಂತ ಮೇಲೆ ಟಿಕಾಸ್ ಮೊದಲ ಎಚ್ಚರಿಕೆ ಕೊಡುವುದು 48 ಸೆಕೆಂಡು ಉಳಿದಾಗ, ಅಂದರೆ ಅವು ಸುಮಾರು 13 ಮೈಲಿ ದೂರವಿದ್ದಾಗ. ಆಜ್ಞೆ ಕೊಡುವುದು 35 ಸೆಕೆಂಡು ಉಳಿದಾಗ, ಅಂದರೆ ಒಂಬತ್ತು ಮೈಲಿ ಚಿಲ್ಲರೆ ದೂರದಲ್ಲಿ. ನಿಧಾನವಾಗಿ ಓರೆಯಾಗಿ ಹತ್ತಿರವಾಗುವ ವಿಮಾನಗಳ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಅರ್ಧ ಮೈಲಿಗೆ ಬಂದರೂ ಸೆಕೆಂಡುಗಳು ಧಾರಾಳವಾಗಿ ಉಳಿದಂತೆ ಕಾಣುತ್ತವೆ. ಅಷ್ಟು ಹತ್ತಿರದಲ್ಲಿ ಒಂದು ವಿಮಾನ ಸ್ವಲ್ಪ ತಿರುಗಿದರೂ ಮುಗಿಯಿತು. ಅದಕ್ಕಾಗಿ ಕನಿಷ್ಠ ದೂರದ ಗೆರೆಯೊಂದನ್ನೂ ಸೇರಿಸಿದ್ದಾರೆ. ಆ ಗೆರೆಯೊಳಗೆ ಬಂದರೆ ಟೌ ಏನೇ ಹೇಳಲಿ, ಟಿಕಾಸ್ ಕೂಗುತ್ತದೆ.

ಈ ಗಡುವುಗಳು ಎತ್ತರಕ್ಕೆ ತಕ್ಕಂತೆ ಬದಲಾಗುತ್ತವೆ. ವಿಮಾನ ನಿಲ್ದಾಣದ ಸುತ್ತ ವಿಮಾನಗಳು ಒತ್ತಾಗಿಯೇ ಇರುತ್ತವೆ, ಅಲ್ಲಿ 48 ಸೆಕೆಂಡು ಮೊದಲೇ ಕೂಗಿದರೆ ಕೂಗುವುದೇ ಕೆಲಸವಾದೀತು. ಐದರಿಂದ ಹತ್ತು ಸಾವಿರ ಅಡಿ ನಡುವೆ ಎಚ್ಚರಿಕೆಗೆ 40 ಸೆಕೆಂಡು, ಆಜ್ಞೆಗೆ 25. ನೆಲದಿಂದ ಸಾವಿರ ಅಡಿ ದಾಟಿದ ಆರಂಭದಲ್ಲಿ 25 ಮತ್ತು 15. ಸಾವಿರ ಅಡಿಗಿಂತ ಕೆಳಗೆ ಆಜ್ಞೆಯೇ ಇಲ್ಲ. ಅಲ್ಲಿ ಕೆಳಗಿಳಿ ಎಂದರೆ ನೆಲಕ್ಕೆ ಬಡಿ ಎಂದಂತೆ, ಮೇಲೇರು ಎಂದರೆ ಇಳಿಯುತ್ತಿರುವ ವಿಮಾನದ ಎಲ್ಲ ಲೆಕ್ಕ ತಲೆಕೆಳಗು.

ಕಾಕ್‌ಪಿಟ್‌ನಲ್ಲಿ ಕಾಣುವುದು, ಕೇಳುವುದು

ಪೈಲಟ್‌ನ ಮುಂದಿನ ಪರದೆಯಲ್ಲಿ ತನ್ನ ವಿಮಾನ ಕೆಳಭಾಗದ ಮಧ್ಯದಲ್ಲಿರುತ್ತದೆ, ಸುತ್ತಲಿನ ವಿಮಾನಗಳು ಸಣ್ಣ ಆಕಾರಗಳಾಗಿ ಮೂಡುತ್ತವೆ. ದೂರದ, ಸಂಬಂಧವಿಲ್ಲದ ವಿಮಾನ ಟೊಳ್ಳು ವಜ್ರಾಕಾರ. ಆರು ನಾಟಿಕಲ್ ಮೈಲಿ ಮತ್ತು 1,200 ಅಡಿಯೊಳಗೆ ಬಂದದ್ದು ತುಂಬಿದ ವಜ್ರಾಕಾರ. ಪಕ್ಕದ ಸಂಖ್ಯೆ ಎತ್ತರದ ವ್ಯತ್ಯಾಸವನ್ನು ನೂರು ಅಡಿಗಳಲ್ಲಿ ಹೇಳುತ್ತದೆ. ಕೂಡು ಚಿಹ್ನೆಯ ಜೊತೆ 10 ಎಂದಿದ್ದರೆ ಸಾವಿರ ಅಡಿ ಮೇಲೆ ಎಂದರ್ಥ. ಅದು ನಿಮಿಷಕ್ಕೆ 500 ಅಡಿಗಿಂತ ವೇಗವಾಗಿ ಏರುತ್ತಲೋ ಇಳಿಯುತ್ತಲೋ ಇದ್ದರೆ ಪಕ್ಕದಲ್ಲೊಂದು ಬಾಣ.

ಇವುಗಳಲ್ಲಿ ಒಂದು ಹಳದಿ ವೃತ್ತವಾಗಿ ಬದಲಾಗಿ, ‘ಟ್ರಾಫಿಕ್, ಟ್ರಾಫಿಕ್’ ಎಂಬ ಧ್ವನಿ ಬಂದರೆ ಅದು ಮೊದಲ ಹಂತ. ಇದನ್ನು ಟ್ರಾಫಿಕ್ ಅಡ್ವೈಸರಿ, ಚುಟುಕಾಗಿ ಟಿಎ, ಎನ್ನುತ್ತಾರೆ. ಇದು ಆಜ್ಞೆಯಲ್ಲ, ಸಿದ್ಧವಾಗು ಎಂಬ ಸೂಚನೆ. ಪೈಲಟ್ ಹೊರಗೆ ನೋಡಬೇಕು, ಕೈಗಳನ್ನು ಕಂಟ್ರೋಲ್ ಮೇಲೆ ತರಬೇಕು. ಪರದೆಯ ಚುಕ್ಕೆಯನ್ನಷ್ಟೇ ನಂಬಿ ವಿಮಾನ ತಿರುಗಿಸಬಾರದು. ಬಹಳಷ್ಟು ಸಲ ವಿಷಯ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಆ ಗುರುತು ಕೆಂಪು ಚೌಕವಾಗುತ್ತದೆ. ಬರುವುದು ಎರಡನೆಯ ಹಂತ, ರೆಸಲ್ಯೂಶನ್ ಅಡ್ವೈಸರಿ ಎಂಬ ಆರ್‌ಎ. ಹೆಸರಿನಲ್ಲಿ ಸಲಹೆಯಾದರೂ ಪಾಲಿಸಲೇಬೇಕಾದ ಆಜ್ಞೆ ಅದು. ‘ಕ್ಲೈಂಬ್, ಕ್ಲೈಂಬ್’ ಎಂದರೆ ಏರು, ‘ಡಿಸೆಂಡ್, ಡಿಸೆಂಡ್’ ಎಂದರೆ ಇಳಿ. ಏರಿಳಿಯುವ ವೇಗ ತೋರಿಸುವ ಮಾಪಕದ ಮೇಲೆ ಕೆಂಪು ಮತ್ತು ಹಸಿರು ಪಟ್ಟಿಗಳು ಹೊತ್ತಿಕೊಳ್ಳುತ್ತವೆ. ಮುಳ್ಳನ್ನು ಕೆಂಪಿನಿಂದ ಹೊರಗೆ, ಹಸಿರಿನೊಳಗೆ ತಂದು ನಿಲ್ಲಿಸಬೇಕು, ಅಷ್ಟೇ. ಪೈಲಟ್ ಆಟೊಪೈಲಟ್ ಬಿಡಿಸಿ, ಐದು ಸೆಕೆಂಡಿನೊಳಗೆ, ಗುರುತ್ವದ ಕಾಲು ಭಾಗದಷ್ಟು ಬಲದಲ್ಲಿ ಮೃದುವಾಗಿ ಎಳೆಯುತ್ತಾನೆ ಎಂದು ಲೆಕ್ಕ ಹಾಕಿಯೇ ಟಿಕಾಸ್ ಆಜ್ಞೆ ಕೊಡುತ್ತದೆ. ಸಾಮಾನ್ಯವಾಗಿ ಕೇಳುವ ವೇಗ ನಿಮಿಷಕ್ಕೆ 1,500 ಅಡಿ. ಅರ್ಧ ನಿಮಿಷದಲ್ಲಿ ಆರೇಳು ನೂರು ಅಡಿ ಅಂತರ ಸಿಕ್ಕರೆ ಎರಡು ವಿಮಾನಗಳು ಒಂದರ ಮೇಲೊಂದು ದಾಟಿಹೋಗುತ್ತವೆ. ಸಿನಿಮಾದಲ್ಲಿ ತೋರಿಸುವಂಥ ಪಲ್ಟಿ, ಧುಮುಕು ಯಾವುದೂ ಬೇಕಿಲ್ಲ. ಹಿಂದೆ ಕೂತ ಪ್ರಯಾಣಿಕನಿಗೆ ಹೊಟ್ಟೆಯಲ್ಲೊಂದು ಚಿಕ್ಕ ಜೋಲಿ ಹೊಡೆದಂತಾಗಿ ಮುಗಿಯಬಹುದು. ಗಾಬರಿಯಿಂದ ಜೋರಾಗಿ ಎಳೆದರೆ ಬೆಲ್ಟ್ ಕಟ್ಟದವರಿಗೆ ಪೆಟ್ಟಾಗುತ್ತದೆ, ಮತ್ತೊಂದು ಎತ್ತರದಲ್ಲಿರುವ ಮೂರನೆಯ ವಿಮಾನಕ್ಕೂ ಅಪಾಯ.

ಆಜ್ಞೆ ಕೊಟ್ಟು ಟಿಕಾಸ್ ಸುಮ್ಮನಾಗುವುದಿಲ್ಲ. ಪ್ರತಿ ಸೆಕೆಂಡೂ ಮತ್ತೆ ಲೆಕ್ಕ ಹಾಕುತ್ತದೆ. ಸಾಲದು ಎನಿಸಿದರೆ ‘ಇನ್‌ಕ್ರೀಸ್ ಕ್ಲೈಂಬ್’ ಎಂದು ವೇಗವನ್ನು 2,500 ಅಡಿಗೆ ಏರಿಸಲು ಹೇಳುತ್ತದೆ. ಎದುರಿನವರು ಮಾತು ಕೇಳದೆ ಪರಿಸ್ಥಿತಿ ತಿರುಗಿದರೆ ‘ಡಿಸೆಂಡ್, ಡಿಸೆಂಡ್ ನೌ’ ಎಂದು ತನ್ನ ಆಜ್ಞೆಯನ್ನೇ ಮಗುಚುತ್ತದೆ. ಆಗ ಪೈಲಟ್‌ಗಿರುವ ಸಮಯ ಎರಡೂವರೆ ಸೆಕೆಂಡು. ಅಪಾಯ ದಾಟಿದ ಮೇಲೆ ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’. ಅಷ್ಟರೊಳಗೆ ಪೈಲಟ್ ರೇಡಿಯೊದಲ್ಲಿ ‘ಟಿಕಾಸ್ ಆರ್‌ಎ’ ಎಂಬ ಎರಡೇ ಮಾತು ಹೇಳಿರಬೇಕು. ಆ ಮಾತು ಕೇಳಿದ ಕಂಟ್ರೋಲರ್, ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’ ವರದಿ ಬರುವ ತನಕ ಆ ವಿಮಾನದ ದಾರಿ ಬದಲಿಸುವ ಯಾವ ಆದೇಶವನ್ನೂ ಕೊಡಬಾರದು. ಹೆಚ್ಚಿನ ಕಡೆ ಕಂಟ್ರೋಲರ್‌ನ ಪರದೆಯಲ್ಲಿ ಆರ್‌ಎ ಬಂದದ್ದು ಕಾಣುವುದೇ ಇಲ್ಲವಾದ್ದರಿಂದ ಈ ಎರಡು ಮಾತಿಗೆ ಅಷ್ಟು ತೂಕ.

ಎರಡೂ ವಿಮಾನಗಳಲ್ಲಿ ಟಿಕಾಸ್ ಇದ್ದರೆ ಎರಡೂ ಒಂದೇ ಕಡೆಗೆ ಓಡುವ ಅಪಾಯವಿದೆಯಲ್ಲ? ಅದಕ್ಕೆ ಅವು ಮೋಡ್ ಎಸ್ ಮೂಲಕ ಮೊದಲೇ ಮಾತಾಡಿಕೊಳ್ಳುತ್ತವೆ. ನಾನು ಮೇಲೆ ಹೋಗುತ್ತೇನೆ, ನೀನು ಮೇಲೆ ಬರಬೇಡ ಎಂದು ಒಂದು ತಿಳಿಸಿದರೆ ಇನ್ನೊಂದು ಕೆಳಗಿನ ದಾರಿ ಹಿಡಿಯುತ್ತದೆ. ಒಂದೇ ಗಳಿಗೆಯಲ್ಲಿ ಎರಡೂ ಮೇಲೆ ಎಂದರೆ ಜಗಳವಿಲ್ಲ, 24 ಬಿಟ್‌ಗಳ ಸಂಖ್ಯೆ ಯಾವುದರದ್ದು ಚಿಕ್ಕದೋ ಅದರ ಮಾತು ನಡೆಯುತ್ತದೆ, ಇನ್ನೊಂದು ಮಗುಚಿಕೊಳ್ಳುತ್ತದೆ.

ಯೂಬರ್ಲಿಂಗನ್

ಈ ಒಪ್ಪಂದ ಉಳಿಯುವುದು ಎರಡೂ ಕಡೆಯ ಪೈಲಟ್‌ಗಳು ಅದನ್ನು ಪಾಲಿಸಿದರೆ ಮಾತ್ರ. 2001ರ ಜನವರಿ 31ರಂದು ಜಪಾನಿನ ಯೈಜು ಬಳಿ ಜಪಾನ್ ಏರ್‌ಲೈನ್ಸ್‌ನ ಎರಡು ದೊಡ್ಡ ವಿಮಾನಗಳು ಎದುರಾದವು. ಕಂಟ್ರೋಲರ್ ಬಾಯಲ್ಲಿ ಒಂದರ ಬದಲು ಇನ್ನೊಂದರ ಸಂಖ್ಯೆ ಬಂತು. ಟಿಕಾಸ್ ಮೇಲೇರು ಎಂದರೂ ಬೋಯಿಂಗ್ 747ರವರು ಕಂಟ್ರೋಲರ್ ಮಾತಿನಂತೆ ಇಳಿದರು. ಎದುರಿನ ಡಿಸಿ-10ರವರು ಟಿಕಾಸ್ ಹೇಳಿದಂತೆ ಇಳಿದರು. ಹಗಲಾಗಿದ್ದು ಕಣ್ಣಿಗೆ ಕಂಡದ್ದರಿಂದ ಕೊನೆಯ ಕ್ಷಣದಲ್ಲಿ 747 ಧುಮುಕಿ ತಪ್ಪಿಸಿಕೊಂಡಿತು. ಸುಮಾರು ನೂರು ಜನಕ್ಕೆ ಗಾಯಗಳಾದವು, ಯಾರೂ ಸಾಯಲಿಲ್ಲ. ಪಾಠ ಕಲಿಯಲು ಇಷ್ಟು ಸಾಕಿತ್ತು. ಕಲಿಯಲಿಲ್ಲ.

2002ರ ಜುಲೈ 1ರ ರಾತ್ರಿ, ಜರ್ಮನಿಯ ದಕ್ಷಿಣದಂಚಿನ ಯೂಬರ್ಲಿಂಗನ್ ಊರಿನ ಮೇಲೆ 36,000 ಅಡಿ ಎತ್ತರದಲ್ಲಿ ಎರಡು ವಿಮಾನಗಳು ಅಡ್ಡಹಾಯುತ್ತಿದ್ದವು. ಒಂದು ಮಾಸ್ಕೋದಿಂದ ಬಾರ್ಸಿಲೋನಾಕ್ಕೆ ಹೊರಟಿದ್ದ ಬಶ್ಕಿರಿಯನ್ ಏರ್‌ಲೈನ್ಸ್‌ನ ಟುಪೊಲೆವ್-154. ಅದರಲ್ಲಿ ರಜೆಗೆ ಹೊರಟ ಉಫಾ ನಗರದ ಶಾಲಾ ಮಕ್ಕಳೇ ಹೆಚ್ಚು. ಇನ್ನೊಂದು ಇಟಲಿಯ ಬೆರ್ಗಮೊದಿಂದ ಬ್ರಸೆಲ್ಸ್‌ಗೆ ಸರಕು ಹೊತ್ತ ಡಿಎಚ್‌ಎಲ್‌ನ ಬೋಯಿಂಗ್ 757. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಜ್ಯೂರಿಕ್‌ನ ಕೇಂದ್ರ. ಅಲ್ಲಿ ಒಬ್ಬನೇ ಕಂಟ್ರೋಲರ್ ಎರಡು ಮೇಜುಗಳ ಕೆಲಸ ಮಾಡುತ್ತಿದ್ದ. ದುರಸ್ತಿಗೆಂದು ಮುಖ್ಯ ಟೆಲಿಫೋನ್ ತಂತಿಗಳನ್ನೂ ನೆಲದ ಎಚ್ಚರಿಕೆ ವ್ಯವಸ್ಥೆಯ ಒಂದು ಭಾಗವನ್ನೂ ನಿಲ್ಲಿಸಲಾಗಿತ್ತು.

ಅಪಾಯ ಗಮನಕ್ಕೆ ಬಂದ ಕೂಡಲೇ ಕಂಟ್ರೋಲರ್ ಟುಪೊಲೆವ್‌ಗೆ ಕೆಳಗಿಳಿಯಲು ಹೇಳಿದ. ಅದಾದ ಏಳೇ ಸೆಕೆಂಡಿಗೆ ಎರಡೂ ಕಾಕ್‌ಪಿಟ್‌ಗಳಲ್ಲಿ ಟಿಕಾಸ್ ಮಾತಾಡಿತು: ಟುಪೊಲೆವ್‌ಗೆ ಏರು, ಬೋಯಿಂಗ್‌ಗೆ ಇಳಿ. ಬೋಯಿಂಗ್‌ನವರು ಇಳಿದರು. ಟುಪೊಲೆವ್‌ನಲ್ಲಿ ಯಂತ್ರ ಏರು ಎನ್ನುತ್ತಿದೆ ಎಂದು ಒಬ್ಬರು ಗಮನ ಸೆಳೆದರೂ ಆಗಲೇ ಇಳಿಯಲು ಶುರುಮಾಡಿದ್ದ ವಿಮಾನ ಇಳಿಯುತ್ತಲೇ ಹೋಯಿತು. ಕಂಟ್ರೋಲರ್ ಇನ್ನೊಮ್ಮೆ ಇಳಿಯಲು ಹೇಳಿ, ಬಿಕ್ಕಟ್ಟು ಕಳೆಯಿತೆಂದು ಬೇರೊಂದು ವಿಮಾನದ ಕಡೆ ತಿರುಗಿದ. ಟಿಕಾಸ್‌ನ ಮೊದಲ ಆಜ್ಞೆಯಿಂದ ಡಿಕ್ಕಿಯವರೆಗೆ 36 ಸೆಕೆಂಡು. ಎರಡೂ ವಿಮಾನಗಳಲ್ಲಿದ್ದ 71 ಮಂದಿಯೂ ಸತ್ತರು. ಟುಪೊಲೆವ್ ತನ್ನ ಟಿಕಾಸ್ ಮಾತು ಕೇಳಿದ್ದರೆ, ಅಥವಾ ಇಬ್ಬರೂ ಟಿಕಾಸ್ ಕಡೆ ತಿರುಗಿಯೂ ನೋಡದೆ ಕಂಟ್ರೋಲರ್ ಮಾತನ್ನೇ ಕೇಳಿದ್ದರೂ, ಡಿಕ್ಕಿ ಆಗುತ್ತಿರಲಿಲ್ಲ. ಒಬ್ಬರು ಒಂದನ್ನು, ಇನ್ನೊಬ್ಬರು ಇನ್ನೊಂದನ್ನು ಕೇಳಿದ್ದೇ ಮುಳುವಾಯಿತು.

ಆದರೆ ತಪ್ಪನ್ನು ಟುಪೊಲೆವ್ ಪೈಲಟ್‌ಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಟಿಕಾಸ್ ಮತ್ತು ಕಂಟ್ರೋಲರ್ ಎದುರುಬದುರಾದರೆ ಯಾರ ಮಾತು ನಡೆಯಬೇಕು ಎಂಬ ಬಗ್ಗೆ ಅಂದಿನ ಅಂತರರಾಷ್ಟ್ರೀಯ ನಿಯಮಗಳು, ಸಂಸ್ಥೆಗಳ ಕೈಪಿಡಿಗಳು ಒಂದೇ ಮಾತನ್ನು ಹೇಳುತ್ತಿರಲಿಲ್ಲ. ಜರ್ಮನಿಯ ತನಿಖಾ ಸಂಸ್ಥೆಯೂ 2004ರ ವರದಿಯಲ್ಲಿ ಈ ಗೊಂದಲವನ್ನು, ಒಬ್ಬನೇ ಕಂಟ್ರೋಲರ್‌ನನ್ನು ಬಿಟ್ಟ ಜ್ಯೂರಿಕ್‌ನ ರೂಢಿಯನ್ನು ಕಾರಣಗಳಲ್ಲಿ ಸೇರಿಸಿತು. ಅಷ್ಟರಲ್ಲಿ, 2003ರಲ್ಲಿ, ಇಕಾವೊ ನಿಯಮವನ್ನು ತಿದ್ದಿ ಸ್ಪಷ್ಟಪಡಿಸಿತ್ತು: ಆರ್‌ಎ ಬಂದರೆ, ಕಂಟ್ರೋಲರ್ ಬೇರೆ ಹೇಳಿದರೂ, ಆರ್‌ಎಯನ್ನೇ ಪಾಲಿಸಬೇಕು, ಅದಕ್ಕೆ ವಿರುದ್ಧವಾಗಿ ಎಂದೂ ಹೋಗಬಾರದು.

ತಂತ್ರಾಂಶವೂ ತಿದ್ದುಪಡಿಯಾಯಿತು. 7.1 ಎಂಬ ಆವೃತ್ತಿಯಲ್ಲಿ ಎದುರಿನ ವಿಮಾನ ಮಾತು ಕೇಳುತ್ತಿಲ್ಲ ಎಂಬುದನ್ನು ಬೇಗ ಗುರುತಿಸಿ ಆಜ್ಞೆ ಮಗುಚುವ ಬುದ್ಧಿ ಸೇರಿತು. ಇನ್ನೊಂದು ಬದಲಾವಣೆ ಬರೀ ಮಾತಿನದು, ಆದರೆ ಮುಖ್ಯವಾದದ್ದು. ಹಿಂದೆ ‘ಅಡ್ಜಸ್ಟ್ ವರ್ಟಿಕಲ್ ಸ್ಪೀಡ್’ ಎಂದು ಹೇಳುತ್ತಿತ್ತು. ಏರಿಳಿಯುವ ವೇಗ ತಗ್ಗಿಸು ಎಂಬುದು ಅದರ ಇಂಗಿತ. ಗಡಿಬಿಡಿಯಲ್ಲಿ ಕೆಲವರು ವೇಗವನ್ನು ಹೆಚ್ಚಿಸಿಬಿಡುತ್ತಿದ್ದರು. ಈಗ ಅದು ‘ಲೆವೆಲ್ ಆಫ್, ಲೆವೆಲ್ ಆಫ್’ ಎನ್ನುತ್ತದೆ, ಇದ್ದಲ್ಲೇ ಸಮತಟ್ಟಾಗು ಎಂದು. ಯುರೋಪಿನಲ್ಲಿ 2015ರ ಡಿಸೆಂಬರ್‌ನಿಂದ ಈ ಆವೃತ್ತಿ ಎಲ್ಲ ದೊಡ್ಡ ವಿಮಾನಗಳಿಗೂ ಕಡ್ಡಾಯ. ಏರ್‌ಬಸ್ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ ಆಟೊಪೈಲಟ್ಟೇ ಆರ್‌ಎ ಪಾಲಿಸುವ ಏರ್ಪಾಡನ್ನು ತಂದಿತು. 2009ರಲ್ಲಿ ಎ380ರಲ್ಲಿ ಮೊದಲು ಇದಕ್ಕೆ ಮನ್ನಣೆ ಸಿಕ್ಕಿತು.

ಭಾರತದ ಆಕಾಶ

ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಅತಿ ಹೆಚ್ಚು ಜೀವ ತೆಗೆದದ್ದು ನಡೆದದ್ದು ನಮ್ಮಲ್ಲೇ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯ ಬೋಯಿಂಗ್ 747, ದೆಹಲಿಗೆ ಇಳಿಯಲು ಬರುತ್ತಿದ್ದ ಕಜಾಕಿಸ್ತಾನದ ಇಲ್ಯೂಶಿನ್-76 ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿಯಾದವು. 349 ಜನ ಸತ್ತರು. ಸೌದಿ ವಿಮಾನಕ್ಕೆ 14,000 ಅಡಿ, ಕಜಾಕ್ ವಿಮಾನಕ್ಕೆ 15,000 ಅಡಿ ಎಂದು ನಿಗದಿಯಾಗಿತ್ತು. ಕಜಾಕ್ ವಿಮಾನ ಆ ಎತ್ತರದಲ್ಲಿ ನಿಲ್ಲದೆ ಕೆಳಗಿಳಿಯಿತು. ದೆಹಲಿಯ ಅಂದಿನ ರಾಡಾರ್‌ಗೆ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಬರುವ, ಹೋಗುವ ವಿಮಾನಗಳಿಗೆ ಇದ್ದದ್ದು ಒಂದೇ ಓಣಿ. ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರ ಆಯೋಗ ತನಿಖೆ ನಡೆಸಿತು. ನಂತರ ಎತ್ತರ ತೋರಿಸುವ ರಾಡಾರ್ ಬಂತು, ಓಣಿಗಳು ಬೇರೆಯಾದವು, ಇಕಾವೊದ ಜಾಗತಿಕ ಗಡುವಿಗೆ ಕಾಯದೆ ಭಾರತ ತನ್ನ ಆಕಾಶಕ್ಕೆ ಬರುವ ದೊಡ್ಡ ವಿಮಾನಗಳಿಗೆ ಟಿಕಾಸ್ ಕಡ್ಡಾಯ ಮಾಡಿತು. ಇಕಾವೊದ ಗಡುವು ಬಂದದ್ದು 2003ರ ಜನವರಿಯಲ್ಲಿ. 2005ರಿಂದ ಅದು 5,700 ಕಿಲೋಗಿಂತ ಭಾರವಾದ ಅಥವಾ 19ಕ್ಕಿಂತ ಹೆಚ್ಚು ಪ್ರಯಾಣಿಕರ ವಿಮಾನಗಳಿಗೂ ವಿಸ್ತರಿಸಿತು.

2003ರ ನವೆಂಬರ್‌ನಿಂದ ಭಾರತದಲ್ಲೂ 29,000 ಅಡಿಯಿಂದ 41,000 ಅಡಿಯವರೆಗೆ ವಿಮಾನಗಳ ನಡುವಿನ ಅಂತರ ಎರಡು ಸಾವಿರ ಅಡಿಯಿಂದ ಒಂದು ಸಾವಿರಕ್ಕೆ ಇಳಿಯಿತು. ಜಾಗ ಹೆಚ್ಚಿತು, ತಪ್ಪಿಗಿದ್ದ ಅವಕಾಶ ಕಡಿಮೆಯಾಯಿತು. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೆ, ಬೆಂಗಳೂರಿನಿಂದ ಕೊಚ್ಚಿಗೆ ಹೋಗುತ್ತಿದ್ದ ಎರಡು ಪ್ರಯಾಣಿಕ ವಿಮಾನಗಳು ಬೆಂಗಳೂರು ವಾಯುಪ್ರದೇಶದಲ್ಲಿ ಎತ್ತರದಲ್ಲಿ ಬರೀ 200 ಅಡಿ ಅಂತರಕ್ಕೆ ಬಂದವು. ಎರಡರಲ್ಲೂ ಸೇರಿ ಮುನ್ನೂರಕ್ಕೂ ಹೆಚ್ಚು ಪ್ರಯಾಣಿಕರು. ಟಿಕಾಸ್ ಕೂಗಿತು, ಪೈಲಟ್‌ಗಳು ಪಾಲಿಸಿದರು, ಎರಡೂ ವಿಮಾನಗಳು ತಂತಮ್ಮ ಊರು ಸೇರಿದವು.

ಕಾಣದ್ದು, ಹೇಳಲಾಗದ್ದು

ಟ್ರಾನ್ಸ್‌ಪಾಂಡರ್ ಇಲ್ಲದ, ಇದ್ದೂ ನಿಂತುಹೋದ ವಿಮಾನ ಟಿಕಾಸ್ ಪಾಲಿಗೆ ಇಲ್ಲವೇ ಇಲ್ಲ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ ಗೋಲ್ ಸಂಸ್ಥೆಯ ಬೋಯಿಂಗ್ 737 ಮತ್ತು ಲೆಗಸಿ ಎಂಬ ಖಾಸಗಿ ಜೆಟ್ 37,000 ಅಡಿಯಲ್ಲಿ ಎದುರುಬದುರಾಗಿ ಹಾರುತ್ತಿದ್ದವು. ಎರಡರಲ್ಲೂ ಟಿಕಾಸ್ ಇತ್ತು. ಸುಮಾರು ಒಂದು ಗಂಟೆಯಿಂದ ಲೆಗಸಿಯ ಟ್ರಾನ್ಸ್‌ಪಾಂಡರ್ ಕೆಲಸ ಮಾಡುತ್ತಿಲ್ಲ ಎಂಬುದು ಅದರ ಪೈಲಟ್‌ಗಳಿಗೆ ತಿಳಿದಿರಲಿಲ್ಲ. ಯಾವ ಕಾಕ್‌ಪಿಟ್‌ನಲ್ಲೂ ಸದ್ದಾಗಲಿಲ್ಲ. ಬೋಯಿಂಗ್‌ನ 154 ಮಂದಿ ಸತ್ತರು; ರೆಕ್ಕೆಯ ತುದಿ ಮುರಿದ ಲೆಗಸಿ ವಾಯುನೆಲೆಯೊಂದರಲ್ಲಿ ಇಳಿಯಿತು.

ಅನಗತ್ಯ ಕೂಗು ಇನ್ನೊಂದು ಕಾಟ. ಒಂದು ವಿಮಾನ ಸಮತಟ್ಟಾಗಿ ಹೋಗುತ್ತಿದೆ, ಅದಕ್ಕಿಂತ ಸಾವಿರ ಅಡಿ ಕೆಳಗೆ ನಿಲ್ಲಬೇಕಾದ ಇನ್ನೊಂದು ರಭಸದಿಂದ ಏರಿ ಬರುತ್ತಿದೆ ಎನ್ನಿ. ಅದು ನಿಲ್ಲುತ್ತದೆ ಎಂಬುದು ಪೈಲಟ್‌ಗೆ ಗೊತ್ತು, ಕಂಟ್ರೋಲರ್‌ಗೂ ಗೊತ್ತು. ಟಿಕಾಸ್‌ಗೆ ಗೊತ್ತಿಲ್ಲ. ಅದಕ್ಕೆ ಕಾಣುವುದು ಈಗಿನ ರಭಸ ಮಾತ್ರ, ಕೂಗಿಯೇ ಕೂಗುತ್ತದೆ. ಅದಕ್ಕೆ ಕೊನೆಯ ಸಾವಿರ ಅಡಿಯಲ್ಲಿ ವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕೆಳಗಿಳಿಸಿ ಎಂದು ಪೈಲಟ್‌ಗಳಿಗೆ ಸಲಹೆಯಿದೆ. ಪಾಲಿಸದವರು ಈಗಲೂ ಇದ್ದಾರೆ.

ನೆಲಕ್ಕೆ ಹತ್ತಿರದ ಮಿತಿ ಎಷ್ಟು ಕಠಿಣ ಎಂಬುದು 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ತಿಳಿಯಿತು. ರೇಗನ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ಪ್ರಯಾಣಿಕ ಜೆಟ್‌ಗೆ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಪೊಟೊಮ್ಯಾಕ್ ನದಿಯ ಮೇಲೆ ಬಡಿದು 67 ಜನ ಸತ್ತರು. ಡಿಕ್ಕಿಗೆ ಸುಮಾರು 20 ಸೆಕೆಂಡು ಮೊದಲು ಜೆಟ್‌ನಲ್ಲಿ ‘ಟ್ರಾಫಿಕ್, ಟ್ರಾಫಿಕ್’ ಎಂಬ ಧ್ವನಿ ಬಂದಿತ್ತು. ಸಾವಿರ ಅಡಿಗಿಂತ ಕೆಳಗಿದ್ದುದರಿಂದ ಮುಂದಿನ ಆಜ್ಞೆ ಬರಲಿಲ್ಲ. ಯಂತ್ರ ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತು.

ಟಿಕಾಸ್‌ನ ಉತ್ತರಾಧಿಕಾರಿಯ ಹೆಸರು ಎಕಾಸ್ ಎಕ್ಸ್. ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ರೂಪುಗೊಂಡ ಇದರ ಮೊದಲ ಮಾನದಂಡ 2018ರಲ್ಲಿ ಪ್ರಕಟವಾಯಿತು. ಒಂದಾದ ಮೇಲೊಂದು ಷರತ್ತುಗಳನ್ನು ಪೋಣಿಸಿದ ಹಳೆಯ ತರ್ಕದ ಬದಲು, ಅಸಂಖ್ಯ ಸನ್ನಿವೇಶಗಳಲ್ಲಿ ಪ್ರತಿಯೊಂದು ನಡೆಯ ಲಾಭನಷ್ಟವನ್ನು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿ ಮಾಡಿದ ಕೋಷ್ಟಕ ಇದರಲ್ಲಿದೆ. ಅನಗತ್ಯ ಕೂಗು ಕಡಿಮೆ ಮಾಡುವುದು ಒಂದು ಗುರಿ. ಡ್ರೋನ್‌ಗಳಿಗೆ, ಹೆಲಿಕಾಪ್ಟರ್‌ಗಳಿಗೆ ಬೇರೆ ಬೇರೆ ರೂಪಗಳನ್ನು ಕೊಡುವುದು ಇನ್ನೊಂದು. ದೊಡ್ಡ ಪ್ರಯಾಣಿಕ ವಿಮಾನಗಳಿಗಾಗಿ ಇರುವ ಎಕಾಸ್ ಎಕ್ಸ್‌ಎ ರೂಪದಲ್ಲಿ ಕಾಕ್‌ಪಿಟ್‌ನ ಧ್ವನಿ, ಕೆಂಪು ಹಸಿರು ಪಟ್ಟಿ, ಪೈಲಟ್‌ಗೆ ಸಿಗುವ ಐದು ಸೆಕೆಂಡು ಎಲ್ಲವೂ ಹಿಂದಿನಂತೆಯೇ ಉಳಿದಿವೆ. ಟ್ರಾನ್ಸ್‌ಪಾಂಡರ್ ಇಲ್ಲದ ವಿಮಾನ ಅದಕ್ಕೂ ಕಾಣುವುದಿಲ್ಲ.